ಕೆಂಪು ಚೀಟಿಯ ಕೂಸುಗಳು

ಒಂದು ವರ್ಷದಲ್ಲಿ ನಮ್ಮ ಶೆಡ್ಡುಗಳಲ್ಲಿ ಐದು ಕೂಸು ಸತ್ತವು. ಐದನ್ನೂ ಹೆರಿಸಿದವಳು ನಾನು. ಐದರ ಹೊಕ್ಕುಳಬಳ್ಳಿ ಕೊಯ್ದವಳೂ ನಾನೇ. ಮೂರನೆಯದು ನನ್ನ ಮಗನ ಕೂಸು. ಅದು ಹೋದಾಗಲೂ ನನಗೆ ಅಳು ಬರಲಿಲ್ಲ. ಅಳದ ಹೆಂಗಸನ್ನು ಜನ ಕಲ್ಲು ಅನ್ನುತ್ತಾರೆ. ಅನ್ನಲಿ. ನನಗೇನೂ ಅನ್ನಿಸುವುದಿಲ್ಲ.

ನನ್ನ ಹೆಸರು ಗುತ್ಯಮ್ಮ. ಗಂಡ ಸತ್ತು ಹದಿನಾಲ್ಕು ವರ್ಷ. ಸೂಲಗಿತ್ತಿ ಕೆಲಸ ಅತ್ತೆಯಿಂದ ಕಲಿತದ್ದು. ಓದು ಬರಹ ಇಲ್ಲ. ಒಡೆಯರ ಮನೆಯ ಹೆಣ್ಣುಮಕ್ಕಳ ಹೆರಿಗೆಯನ್ನೂ ಮಾಡಿಸಿದ್ದೇನೆ. ಹೆರಿಗೆ ಆಗುವವರೆಗೆ ನಾನು ಬೇಕು. ಆದ ಮೇಲೆ ನಾನು ಕೂತ ಜಾಗಕ್ಕೆ ಸಗಣಿ ನೀರು ಹಾಕುತ್ತಿದ್ದರು. ಕಾಫಿಯನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ ಗೆರಟೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಅದಕ್ಕೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೂ ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಊರು ಸಾಗರ ಸೀಮೆಯಲ್ಲಿ ಹೊಳೆ ದಂಡೆಯಲ್ಲಿತ್ತು. ಅಣೆಕಟ್ಟು ಕಟ್ಟಿದರು. ನೀರು ನಿಂತಿತು. ಒಡೆಯರ ಗದ್ದೆಯೂ ಮುಳುಗಿತು, ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯೂ ಮುಳುಗಿತು. ಒಡೆಯರಿಗೆ ಪರಿಹಾರ ಸಿಕ್ಕಿತು. ನಮಗೆ ಲಾರಿ ಸಿಕ್ಕಿತು. ಆ ಲಾರಿ ನಮ್ಮನ್ನು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಪಕ್ಕ, ಕಾಡು ಸವರಿದ ಬಯಲಲ್ಲಿ ಇಳಿಸಿ ಹೋಯಿತು. ತಗಡಿನ ಶೆಡ್ಡುಗಳು, ನೂರಿಪ್ಪತ್ತು ಸಂಸಾರ. ಬೆಳಗಾದರೆ ಗಂಡಸರು ಕೂಪಿಗೆ ಮರ ಕಡಿಯಲು ಹೋಗುತ್ತಿದ್ದರು. ಹೆಂಗಸರು ರಸ್ತೆಗೆ ಜಲ್ಲಿ ಒಡೆಯುತ್ತಿದ್ದರು. ಬಸುರಿಯರೂ ಒಡೆಯುತ್ತಿದ್ದರು, ಬಾಣಂತಿಯರೂ ಒಡೆಯುತ್ತಿದ್ದರು.

ಅರವತ್ತೈದನೇ ಇಸವಿ, ಶಿವರಾತ್ರಿ ಕಳೆದ ಮೇಲೆ ಜೀಪು ಬಂತು. ದೊಡ್ಡ ಊರಿನ ದೊಡ್ಡ ಡಾಕ್ಟರು. ಜೊತೆಗೆ ಒಬ್ಬ ಗುಮಾಸ್ತ, ಒಬ್ಬ ಜವಾನ, ವರದಮ್ಮ ಅನ್ನುವ ನರ್ಸು. ಅಷ್ಟು ಓದಿದವರು ನಮ್ಮನ್ನು ಹುಡುಕಿಕೊಂಡು ಬಂದರಲ್ಲ ಅಂತ ನಾವು ಉಬ್ಬಿದೆವು. ಜಲ್ಲಿ ರಾಶಿಯ ಪಕ್ಕ ಚಾಪೆ ಹಾಸಿ ಕೂರಿಸಿದೆವು. ಅವರಿಗೆ ಬೇಕಾದದ್ದು ಏನು ಅಂತ ಈಗ ಗೊತ್ತು. ಒಂದೇ ಕಡೆ ನೂರಿಪ್ಪತ್ತು ಸಂಸಾರ, ಎಲ್ಲಿಗೂ ಓಡಿಹೋಗಲು ಜಾಗವಿಲ್ಲ, ಕೇಳುವವರು ಯಾರೂ ಇಲ್ಲ.

ಡಾಕ್ಟರು ನನ್ನನ್ನು ಮುಂದೆ ಕರೆದು, "ಹುಟ್ಟಿದ ಮಗು ಎಂಟು ದಿನಕ್ಕೆ ಸೆಟೆದುಕೊಂಡು ಸಾಯೋದು ಇಲ್ಲಿ ಇದೆಯಾ?" ಅಂತ ಕೇಳಿದರು.

ಇಲ್ಲದೆ ಏನು? ಆರು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಏಳನೇ ದಿನ ಮೊಲೆ ಹಿಡಿಯುವುದಿಲ್ಲ. ದವಡೆ ಕಚ್ಚಿಕೊಳ್ಳುತ್ತದೆ. ಮುಟ್ಟಿದರೆ ಸಾಕು, ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ. ಅಳಬೇಕು ಅಂದರೆ ಬಾಯಿ ತೆರೆಯುವುದಿಲ್ಲ. ಎಂಟು, ಒಂಬತ್ತನೇ ದಿನಕ್ಕೆ ಮುಗಿಯುತ್ತದೆ. ನಾವು ಅದನ್ನು ಎಂಟರ ಜಡ್ಡು ಅನ್ನುತ್ತಿದ್ದೆವು. ಡಾಕ್ಟರು ಧನುರ್ವಾಯು ಅಂದರು. ಬಸುರಿಯರು ಎರಡು ಸಲ ಇಂಜೆಕ್ಷನ್ ತೆಗೆದುಕೊಂಡರೆ ಕೂಸಿಗೆ ಇದು ಬರುವುದಿಲ್ಲ, ಹೊಸ ವಿಚಾರ, ಪರೀಕ್ಷೆ ಮಾಡುತ್ತಿದ್ದೇವೆ ಅಂದರು.

ನಾನು ಅವರ ಕಾಲಿಗೆ ಬಿದ್ದೆ. ಸುಳ್ಳಲ್ಲ, ನಿಜವಾಗಿ ಬಿದ್ದೆ. ಇಪ್ಪತ್ತು ವರ್ಷದಲ್ಲಿ ಅಂಥ ಎಷ್ಟು ಕೂಸುಗಳನ್ನು ನಾನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, "ಇರಲಿ, ಇರಲಿ. ನೀನು ಎಲ್ಲರನ್ನೂ ಕರೆದುಕೊಂಡು ಬಾ. ಹುಟ್ಟಿದ್ದು, ಸತ್ತಿದ್ದು ಎಲ್ಲ ನಮಗೆ ಹೇಳಬೇಕು," ಅಂದರು. ಇಂಜೆಕ್ಷನ್ನಿಗೆ ಎರಡು ಬೇರೆ ಬೇರೆ ಬಾಟಲಿ ಇದೆ ಅಂತ ಹೇಳಲಿಲ್ಲ.

ಬಸುರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಜವಾನ ಸಾಲಿನ ಉದ್ದಕ್ಕೂ ಚೀಟಿ ಕೊಡುತ್ತಾ ಹೋದ. ಒಬ್ಬರಿಗೆ ಕೆಂಪು, ಒಬ್ಬರಿಗೆ ಬಿಳಿ, ಒಬ್ಬರಿಗೆ ಕೆಂಪು, ಒಬ್ಬರಿಗೆ ಬಿಳಿ. ಚೀಟಿ ಹಿಡಿದು ಮೇಜಿನ ಹತ್ತಿರ ಹೋದರೆ ಗುಮಾಸ್ತ ಹೆಸರು ಕೇಳಿ ದಪ್ಪ ಪುಸ್ತಕದಲ್ಲಿ ಬಣ್ಣ ಬರೆದುಕೊಳ್ಳುತ್ತಿದ್ದ. ಕೆಂಪಿಗೆ ಒಂದು ಬಾಟಲಿಯ ಇಂಜೆಕ್ಷನ್, ಬಿಳಿಗೆ ಇನ್ನೊಂದರದ್ದು.

ಅಲ್ಲಿ ಒಂದು ತೊಡಕಾಯಿತು. ನಮ್ಮಲ್ಲಿ ಗುತ್ಯಮ್ಮನೇ ಒಂಬತ್ತು ಜನ. ಕೆರಿಯಮ್ಮ ಏಳು. ಹೂವಮ್ಮ ಐದು. ದೇವರ ಹೆಸರು ಇಟ್ಟುಕೊಂಡರೆ ಹಾಗೇ. ಗುಮಾಸ್ತ ಗಂಡನ ಹೆಸರು ಹೇಳಿ ಅಂದ. ಎಲ್ಲರೂ ನೆಲ ನೋಡಿದರು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ಬಸುರಿಯಂತೂ ಹೇಳಲೇಬಾರದು. ಗಂಡ ಸತ್ತವಳಿಗೆ ಆ ಹೆದರಿಕೆ ಇಲ್ಲ. ಹಾಗಾಗಿ ಮೇಜಿನ ಪಕ್ಕ ನಾನು ನಿಂತೆ. ಒಬ್ಬೊಬ್ಬಳು ಬಂದ ಹಾಗೆ ಅವಳ ಗಂಡನ ಹೆಸರನ್ನು ನಾನು ಹೇಳಿದೆ. ಗುಮಾಸ್ತ ನಕ್ಕ. "ಎಲ್ಲರ ಗಂಡಂದಿರೂ ನಿನ್ನ ಬಾಯಲ್ಲೇ ಇದಾರಲ್ಲ," ಅಂದ. ನಾನೂ ನಕ್ಕೆ.

ಅದಕ್ಕೂ ಮುಂಚೆ, ಸಾಲಿನಲ್ಲಿ ನಿಂತಾಗ, ನಾನು ಒಂದು ಕೆಲಸ ಮಾಡಿದ್ದೆ.

ನನ್ನ ಸೊಸೆ ಕನ್ನಮ್ಮನಿಗೆ ಆಗ ಐದು ತಿಂಗಳು. ಚೊಚ್ಚಲು. ಅವಳ ಕೈಗೆ ಬಂದದ್ದು ಬಿಳಿ ಚೀಟಿ. ಬಸುರಿ ಕೈಗೆ ಬಿಳಿ ಕೊಡುತ್ತಾರೆಯೇ? ಬಿಳಿ ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಕೆಂಪು ಅಂದರೆ ಕುಂಕುಮ, ಕೆಂಪು ಅಂದರೆ ಮುತ್ತೈದೆ. ಕನ್ನಮ್ಮನ ಹಿಂದೆ ಭೂತಪ್ಪನ ಹೆಂಡತಿ ಹೂವಮ್ಮ ನಿಂತಿದ್ದಳು. ಹುಲಿಕಲ್ ಕಡೆಯ ಹುಡುಗಿ, ಅತ್ತೆ ಇಲ್ಲ, ತಾಯಿ ಇಲ್ಲ. ಅವಳ ಕೈಯಲ್ಲಿ ಕೆಂಪು ಇತ್ತು. ಜವಾನ ಮುಂದೆ ಹೋದ ಮೇಲೆ ನಾನು ಅದನ್ನು ಕಿತ್ತುಕೊಂಡು ಕನ್ನಮ್ಮನಿಗೆ ಕೊಟ್ಟೆ. ಬಿಳಿಯನ್ನು ಹೂವಮ್ಮನ ಕೈಗೆ ತುರುಕಿದೆ.

"ನಂಗ್ಯಾಕೆ ಅತ್ತೆ ಇದು?" ಅಂದಳು ಹೂವಮ್ಮ. ಅವಳಿಗೆ ಎಲ್ಲ ಹಿರಿಯರೂ ಅತ್ತೆಯೇ.

"ಸುಮ್ಗಿರು. ಚುಚ್ಚಾದು ಒಂದೇ ಸೂಜಿ," ಅಂದೆ.

ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು ಸಾಲಿನಲ್ಲಿ ಮುಂದೆ ಸರಿದಳು. ಕೇಳುವವರಿಲ್ಲದವಳ ಕೈಯಿಂದ ಕಿತ್ತುಕೊಳ್ಳುವುದು ಸುಲಭ. ಅದನ್ನು ನನಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ.

ಹೆರಿಗೆಗಳು ಶುರುವಾದವು. ಎಷ್ಟೋ ಹೆರಿಗೆಗೆ ವರದಮ್ಮ ಬಂದು ಮೂಲೆಯಲ್ಲಿ ಕೂತಳು. ಒಮ್ಮೆ ಡಾಕ್ಟರೂ ಬಂದರು. ನಾನು ಮಾಡುವುದನ್ನೆಲ್ಲ ಬರೆದುಕೊಂಡರು. ಬಳ್ಳಿಯನ್ನು ಯಾವುದರಲ್ಲಿ ಕೊಯ್ಯುತ್ತೀ? ಕುಡುಗೋಲಲ್ಲಿ. ಅದರಲ್ಲಿ ಬೇರೆ ಏನು ಕೊಯ್ಯುತ್ತೀ? ಸೊಪ್ಪು, ಹುಲ್ಲು. ಕೊಯ್ದ ಮೇಲೆ ಏನು ಹಚ್ಚುತ್ತೀ? ಸಗಣಿ ಸುಟ್ಟ ಬೂದಿ. ಕುಡುಗೋಲಿನ ಫೋಟೋ ತೆಗೆದರು. ನನ್ನ ಎರಡು ಕೈ ಚಾಚಿಸಿ ಉಗುರಿನ ಫೋಟೋ ತೆಗೆದರು. ಉಗುರಲ್ಲಿ ಜಲ್ಲಿಯ ಮಣ್ಣಿತ್ತು. ಆ ದಿನ ಬೆಳಗ್ಗೆಯಿಂದ ಒಡೆದು ಬಂದಿದ್ದೆ. ತಪ್ಪು ಅಂತ ಒಬ್ಬರೂ ಹೇಳಲಿಲ್ಲ. ಚೆನ್ನಾಗಿಯೇ ಮಾಡುತ್ತಿದ್ದೇನೆ, ಅದಕ್ಕೇ ಫೋಟೋ ತೆಗೆದರು ಅಂದುಕೊಂಡೆ.

ಕೂಸು ಹುಟ್ಟಿದ ಕೂಡಲೇ ಕೊಕ್ಕೆ ತಕ್ಕಡಿಗೆ ಬಟ್ಟೆ ಕಟ್ಟಿ ತೂಗುತ್ತಿದ್ದರು. ನಮ್ಮಲ್ಲಿ ಕೂಸನ್ನು ತೂಗುವುದಿಲ್ಲ. ಬಾಣಂತಿಯರು ಬೇಡ ಅಂದರು. ತೂಗಲಿ ಬಿಡಿ ಅಂತ ನಾನೇ ಒಪ್ಪಿಸಿದೆ.

ಕನ್ನಮ್ಮ ಆಷಾಢದಲ್ಲಿ ಹೆತ್ತಳು. ಗಂಡು. ಉದ್ದ ಬೆರಳು, ತಲೆ ತುಂಬ ಕೂದಲು. ನನ್ನ ಮಗ ಹುಲಿಯಪ್ಪ ಕೂಪಿನಿಂದ ಬಂದವನು ಕೊಡಲಿಯನ್ನೂ ಕೆಳಗಿಡದೆ ಬಾಗಿಲಲ್ಲಿ ನಿಂತು ನೋಡಿದ. ಆರು ದಿನ ಕೂಸು ಹಾಲು ಕುಡಿಯಿತು. ಏಳನೇ ದಿನ ಬೆಳಗ್ಗೆ ಕನ್ನಮ್ಮ ಕರೆದಳು. "ಅತ್ತೆ, ಮೊಲೆ ಹಿಡೀತಿಲ್ಲ."

ನಾನು ಬೆರಳನ್ನು ಅದರ ಬಾಯಿಗೆ ಇಟ್ಟೆ. ದವಡೆ ಬಿಗಿದಿತ್ತು.

ಹುಲಿಯಪ್ಪ ಮಳೆಯಲ್ಲೇ, ಡಾಕ್ಟರು ಬಿಡಾರ ಮಾಡಿದ್ದ ಹೊಸನಗರಕ್ಕೆ ಓಡಿದ. ಜೀಪು ಮಧ್ಯಾಹ್ನ ಬಂತು. ಡಾಕ್ಟರು ಕೂಸಿನ ಹೊಟ್ಟೆಯ ಮೇಲೆ ಬೆರಳು ಇಟ್ಟರು. ಕೂಸು ಬಿಲ್ಲಾಯಿತು. ಅವರು ಕೈಗಡಿಯಾರ ನೋಡಿದರು. ಬರೆದುಕೊಂಡರು. ಮತ್ತೆ ಬಿಲ್ಲಾಯಿತು. ಮತ್ತೆ ಗಡಿಯಾರ ನೋಡಿದರು. ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಬರೆದುಕೊಳ್ಳುತ್ತಿದ್ದರು. ಕೂಸಿಗೆ ಏನೋ ಒಂದು ಚುಚ್ಚಿದರು. ಅದು ನಿದ್ದೆ ಬರಲು ಅಂದಳು ವರದಮ್ಮ.

"ಸೂಜಿ ತಗಂಡಿದ್ಲಲ್ಲ ಡಾಕ್ಟ್ರೆ, ಎರಡು ಸಲ," ಅಂದೆ.

"ಕೆಲವು ಸಲ ಹೀಗಾಗುತ್ತೆ," ಅಂದರು.

ಕೂಸು ಮರುದಿನ ಹೋಯಿತು. ಜವಾನ ಬಂದು ಬಟ್ಟೆ ಬಿಚ್ಚಿಸಿ ಅದರ ಫೋಟೋ ತೆಗೆದ. ಬೆನ್ನು ಬಾಗಿದ್ದು ಕಾಣಬೇಕು ಅಂತ ಅದನ್ನು ಪಕ್ಕಕ್ಕೆ ಹೊರಳಿಸಲು ನನಗೇ ಹೇಳಿದ. ನಾನು ಹೊರಳಿಸಿದೆ. ಹೇಳಿದ ಹಾಗೆ ಹಿಡಿದುಕೊಂಡು ಕೂತೆ. ಕನ್ನಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಶೆಡ್ಡಿನ ಹಿಂದೆ ಮತ್ತಿ ಮರದ ಬುಡದಲ್ಲಿ ಹುಲಿಯಪ್ಪ ಗುಂಡಿ ತೆಗೆದ. ಅಲ್ಲಿ ಆಗಲೇ ಎರಡು ಗುಂಡಿ ಇದ್ದವು.

ಹದಿಮೂರನೇ ದಿನ ಕನ್ನಮ್ಮ ಜಲ್ಲಿ ಒಡೆಯಲು ಬಂದಳು. ಬರಬೇಡ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಗಂಜಿಗೆ ಏನು ಮಾಡುವುದು? ಹೂವಮ್ಮನ ಹೆಣ್ಣು ಕೂಸು ಪಕ್ಕದಲ್ಲೇ ಜೋಳಿಗೆಯಲ್ಲಿ ಮಲಗಿತ್ತು. ಅದು ಅತ್ತಾಗಲೆಲ್ಲ ಕನ್ನಮ್ಮನ ರವಿಕೆ ಒದ್ದೆಯಾಗುತ್ತಿತ್ತು. ಅವಳು ಸುತ್ತಿಗೆ ಎತ್ತುವುದು ನಿಲ್ಲಿಸಲಿಲ್ಲ. ಹಾಲು ಹೊಟ್ಟೆಯವರೆಗೆ ಇಳಿದು ಸೀರೆಗೆ ಹತ್ತುತ್ತಿತ್ತು. ಮೇಲೆ ಕಲ್ಲಿನ ಧೂಳು ಕೂತು ಕೆಸರಾಗುತ್ತಿತ್ತು. ಸಂಜೆ ಅದನ್ನು ನಾನೇ ತೊಳೆದು ಹಾಕುತ್ತಿದ್ದೆ.

ಮತ್ತೆ ಎರಡು ಹೋದವು.

ಐದನೆಯದು ಆ ಏಳು ಕೆರಿಯಮ್ಮರಲ್ಲಿ ಒಬ್ಬಳದು. ಅದನ್ನು ತೊಳೆಯುತ್ತಾ ಕೂತಿದ್ದೆ. ಅವಳ ತಲೆದೆಸೆಯಲ್ಲಿ ತಗಡಿಗೆ ಸಿಕ್ಕಿಸಿದ ಚೀಟಿ ಕಂಡಿತು. ಗುಮಾಸ್ತ ಮಸಿಯಲ್ಲಿ ಬರೆದ ನಂಬರು ಮೊದಲ ಮಳೆಗೇ ಸೋರಿ ಕರಗಿ ಹೋಗಿತ್ತು. ಬಣ್ಣ ಉಳಿದಿತ್ತು. ಕೆಂಪು. ನಾನು ಕೂಸಿನ ತಲೆಗೆ ನೀರು ಹೊಯ್ಯುವುದನ್ನು ನಿಲ್ಲಿಸಿದೆ. ಮೊದಲನೆಯವಳ ಶೆಡ್ಡಲ್ಲಿ ನೋಡಿದ್ದು ಯಾವ ಬಣ್ಣ? ಎರಡನೆಯವಳದು? ನಾಲ್ಕನೆಯವಳದು? ಓದಲು ಬರದವಳಿಗೂ ಎಣಿಸಲು ಬರುತ್ತದೆ. ಒಂದು ಕೈಯ ಬೆರಳು ಸಾಕು. ಬಿಳಿ ಚೀಟಿಯವರ ಹದಿನಾಲ್ಕು ಕೂಸುಗಳೂ ಉಳಿದಿದ್ದವು, ದೊಡ್ಡವು ಶೆಡ್ಡುಗಳ ನಡುವೆ ಅಂಬೆಗಾಲಿಡುತ್ತಿದ್ದವು. ಹೂವಮ್ಮನ ಕೂಸಿಗೆ ಹಲ್ಲು ಬಂದಿತ್ತು.

ಮರುದಿನ ವರದಮ್ಮ ಬಂದಾಗ ಅವಳನ್ನು ಜಲ್ಲಿ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದೆ. "ಅಕ್ಕೋರೆ, ಕೆಂಪು ಬಾಟ್ಲಿಯಲ್ಲಿ ಎಂತ ಇದೆ?"

"ನಂಗೆ ಗೊತ್ತಿಲ್ಲ. ಕೇಳಬೇಡ."

"ಬಿಳಿಯಲ್ಲಿ?"

ಅವಳು ಆ ಕಡೆ ಈ ಕಡೆ ನೋಡಿದಳು. "ಒಂದರಲ್ಲಿ ಔಷಧಿ ಇದೆ ಗುತ್ಯಮ್ಮ. ಇನ್ನೊಂದರಲ್ಲಿ ಬರೀ ಉಪ್ಪು ನೀರು. ಯಾವುದು ಯಾವುದು ಅಂತ ನಮಗೂ ಹೇಳಿಲ್ಲ. ಔಷಧಿ ಕೊಟ್ಟವರು ಎಷ್ಟು, ಕೊಡದವರು ಎಷ್ಟು ಅಂತ ಹೋಲಿಸಿ ನೋಡಬೇಕಲ್ಲ. ಪರೀಕ್ಷೆ ಅಂದ್ರೆ ಹಂಗೇ."

"ನೀರು ಅಂತ ಹೇಳಿ ಚುಚ್ಚಿದ್ರಾ?"

"ಹೇಳಿದ್ರೆ ಯಾರು ತೋಳು ಕೊಡ್ತಾರೆ?"

ಅವಳು ಹೇಳಿದ್ದು ನಿಜ. ಯಾರು ಕೊಡುತ್ತಾರೆ?

ಅಂದಿನಿಂದ ನನ್ನ ಮೈಯಲ್ಲಿ ಏನೋ ನಿಂತುಹೋಯಿತು. ಉಂಡೆ, ಜಲ್ಲಿ ಒಡೆದೆ, ಮಲಗಿದೆ. ಗಂಜಿಗೆ ಉಪ್ಪು ಹಾಕಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೆಬ್ಬೆರಳ ಮೇಲೆ ಸುತ್ತಿಗೆ ಬಿದ್ದು ಉಗುರು ಕಪ್ಪಾಯಿತು, ನೋವಾಗಲಿಲ್ಲ. ಬಿಳಿ ಚೀಟಿ ಕನ್ನಮ್ಮನದಾಗಿತ್ತು. ಔಷಧಿ ಅವಳ ಕೈಗೇ ಬಂದಿತ್ತು. ಅದನ್ನು ತೆಗೆದು ಕೊಟ್ಟವಳು ನಾನು. ಅದನ್ನು ಕನ್ನಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವಳು ಮತ್ತೆ ಬಸುರಿಯಾಗಿದ್ದಳು.

ಮರುವರ್ಷ ದೀಪಾವಳಿಗೆ ಹದಿನೈದು ದಿನ ಇರುವಾಗ ಜೀಪು ಹೊಸದಾಗಿ ಇನ್ನೊಂದು ಸುತ್ತು ಇಂಜೆಕ್ಷನ್ ಕೊಡಲು ಬಂತು. ಗಂಡಸರೆಲ್ಲ ಕೂಪಿಗೆ ಹೋಗಿದ್ದರು. ಯಾವಾಗಲೂ ಆ ಹೊತ್ತಿಗೇ ಬರುತ್ತಿದ್ದರು. ಹನ್ನೆರಡು ಬಸುರಿಯರು ಸಾಲಿನಲ್ಲಿ ನಿಂತರು. ಹಳಬರು ಹಳೇ ಬಣ್ಣಕ್ಕೇ ಚುಚ್ಚಿಸಿಕೊಳ್ಳಬೇಕು, ಬದಲಾಯಿಸುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದರು. ಕನ್ನಮ್ಮ ಸಾಲಿನಲ್ಲಿ ನಾಲ್ಕನೆಯವಳು. ಏಳೂವರೆ ತಿಂಗಳು. ಕೈಯಲ್ಲಿ ಅದೇ ಕೆಂಪು ಚೀಟಿ.

ಮೊದಲು ಬಂದವಳು ಐದನೇ ಕೂಸು ಕಳೆದುಕೊಂಡ ಅದೇ ಕೆರಿಯಮ್ಮ. ಮೂರು ತಿಂಗಳ ಬಸುರಿ.

"ಹೆಸರು?" ಅಂದ ಗುಮಾಸ್ತ.

"ಕೆರಿಯಮ್ಮ."

"ಗಂಡನ ಹೆಸರು?"

ಕೆರಿಯಮ್ಮ ನನ್ನ ಮುಖ ನೋಡಿದಳು. ನಾನು ಹೇಳಲಿಲ್ಲ. ಹೀಗೆ ಮಾಡಬೇಕು ಅಂತ ಬೆಳಗ್ಗೆ ಅಂದುಕೊಂಡು ಬಂದವಳಲ್ಲ. ಹೆಸರು ನಾಲಿಗೆ ತುದಿಗೆ ಬಂತು. ನಾಲಿಗೆ ಏಳಲಿಲ್ಲ, ಅಷ್ಟೆ.

"ಗಂಡನ ಹೆಸರು ಹೇಳಮ್ಮ," ಅಂದ ಗುಮಾಸ್ತ, ನನ್ನ ಕಡೆ ತಿರುಗಿ.

ಅವನು ಪುಸ್ತಕದಲ್ಲಿ ಬೆರಳಾಡಿಸಿದ. "ಕೆರಿಯಮ್ಮ ಏಳು ಜನ ಇದಾರೆ ಸಾರ್. ಯಾರು ಅಂತ ಗೊತ್ತಾಗ್ತಿಲ್ಲ."

ಡಾಕ್ಟರು ಸೂಜಿ ಕೆಳಗಿಟ್ಟರು. "ಏನಾಯ್ತು ಗುತ್ಯಮ್ಮ? ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ."

"ಮತ್ತೆ ಹೇಳು. ಹೊತ್ತಾಗುತ್ತೆ."

"ಹೇಳಾದಿಲ್ಲ."

ಡಾಕ್ಟರು ಒಮ್ಮೆ ನಕ್ಕರು. ಆಮೇಲೆ ನಗುವುದು ಬಿಟ್ಟರು. "ಯಾಕೆ?"

"ಕೆಂಪು ಬಾಟ್ಲಿ ನೀರು. ಬಿಳಿ ಬಾಟ್ಲಿಯದನ್ನ ಎಲ್ರಿಗೂ ಹಾಕಿ. ಹನ್ನೆರಡು ಜನದ್ದೂ ಹೇಳ್ತೀನಿ."

ಅವರು ವರದಮ್ಮನನ್ನು ನೋಡಿದರು. ಅವಳು ಹತ್ತಿಯನ್ನು ಚೂರು ಚೂರು ಮಾಡುತ್ತಿದ್ದಳು. "ಯಾವುದು ಏನು ಅಂತ ನನಗೇ ಗೊತ್ತಿಲ್ಲ ಗುತ್ಯಮ್ಮ. ಅದು ದೊಡ್ಡ ಆಫೀಸಿನಲ್ಲಿ ಲಕೋಟೆಯಲ್ಲಿ ಬರೆದು ಅಂಟಿಸಿಟ್ಟಿದೆ. ಪರೀಕ್ಷೆ ಮುಗಿದ ಮೇಲೆ ಒಡೆದು ನೋಡೋದು."

"ಲಕೋಟೆ ಎಂತಕ್ಕೆ ಒಡೀಬೇಕು? ಮತ್ತಿ ಮರದ ಬುಡಕ್ಕೆ ಬನ್ನಿ. ಐದು ಗುಂಡಿ ಇದೆ. ಐದೂ ಕೆಂಪು."

"ಐದು ಸಾಲದು."

ಅವರು ಸಿಟ್ಟಿನಿಂದ ಹೇಳಲಿಲ್ಲ. ಮಕ್ಕಳಿಗೆ ಪಾಠ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು. "ಐದು ಆಕಸ್ಮಿಕ ಇರಬಹುದು. ಇನ್ನೊಂದು ವರ್ಷ ನೋಡಬೇಕು. ಆಗ ಖಚಿತವಾಗಿ ಹೇಳಬಹುದು. ಇದರಿಂದ ಮುಂದೆ ಲಕ್ಷ ಲಕ್ಷ ಮಕ್ಕಳು ಬದುಕ್ತವೆ. ನಿಮ್ಮಂಥವರ ಮಕ್ಕಳೇ. ನಿನಗೆ ಅರ್ಥ ಆಗಲ್ಲ."

"ಇನ್ನೆಷ್ಟು ಸಾಯ್ಬೇಕು? ಅದೊಂದು ಹೇಳಿ ಡಾಕ್ಟ್ರೆ. ಎಷ್ಟು ಆದ್ರೆ ಸಾಕಾಗ್ತದೆ?"

ಉತ್ತರ ಅವರ ಹತ್ತಿರ ಇತ್ತು. ಯಾವುದೋ ಕಾಗದದಲ್ಲಿ ಬರೆದೂ ಇಟ್ಟಿರಬೇಕು.

"ಕೆಂಪೇ ನೀರು ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯ?" ಅಂದರು ಕೊನೆಗೆ.

ಹೇಳಿದೆ. ಕನ್ನಮ್ಮನ ಕಡೆ ನೋಡದೆ ಹೇಳಿದೆ. "ನನ್ನ ಸೊಸೆಗೆ ಬಂದಿದ್ದು ಬಿಳಿ. ಬಿಳಿ ಅಪಶಕುನ ಅಂತ ನಾನೇ ಕಿತ್ತು ಹೂವಮ್ಮಂಗೆ ಕೊಟ್ಟೆ. ಅವಳ ಕೆಂಪು ಇವಳಿಗೆ ಕೊಟ್ಟೆ. ಹೂವಮ್ಮನ ಕೂಸು ಅಲ್ಲಿ ಮಣ್ಣು ತಿಂತಾ ಕೂತಿದೆ ನೋಡಿ. ನನ್ನ ಮೊಮ್ಮಗನ ಫೋಟೋ ನಿಮ್ಮ ಹತ್ರ ಇದೆ."

ಗುಮಾಸ್ತ ಪೆನ್ನು ಕೆಳಗಿಟ್ಟ. ಹೂವಮ್ಮ ಜಲ್ಲಿ ರಾಶಿಯಿಂದ ಎದ್ದು ಬಂದು ಕೂಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಸಾಲಿನಲ್ಲಿದ್ದವರೆಲ್ಲ ಕನ್ನಮ್ಮನನ್ನು ನೋಡಿದರು. ನಾನು ಕಾದೆ. ನೆಲಕ್ಕೆ ಉಗಿಯಲಿ, ಕಲ್ಲು ಎತ್ತಿ ಹಾಕಲಿ ಅಂತ ಕಾದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು.

ಡಾಕ್ಟರು ಎದ್ದು ನನ್ನ ಹತ್ತಿರ ಬಂದರು. ಮೊದಲ ಸಲ ಅಷ್ಟು ಹತ್ತಿರ ಬಂದದ್ದು. ದನಿ ತಗ್ಗಿಸಿದರು. "ನೋಡು. ನಿನ್ನ ಸೊಸೆಗೆ ನಾನು ಬಿಳಿ ಬಾಟಲಿದು ಕೊಡ್ತೀನಿ. ಅವಳೊಬ್ಬಳಿಗೆ. ಪುಸ್ತಕದಲ್ಲಿ ಬರೆಯಲ್ಲ. ನೀನು ಮಿಕ್ಕವರ ಹೆಸರು ಹೇಳು. ಆಯ್ತಾ?"

ಗೊತ್ತಿಲ್ಲ ಅಂದವರಿಗೆ ಗೊತ್ತಿತ್ತು. ಮೊದಲಿನಿಂದ ಅಲ್ಲದಿದ್ದರೂ ಐದನೆಯದರ ಹೊತ್ತಿಗೆ ಗೊತ್ತಾಗಿತ್ತು. ನನಗೆ ಹೊಳೆದದ್ದು ಅವರಿಗೆ ಹೊಳೆಯದೆ ಇರುತ್ತದೆಯೇ? ಅಷ್ಟು ಓದಿದವರಿಗೆ?

ಆಗ ನಾನು ಏನು ಮಾಡಿದೆ ಅಂತ ಮುಚ್ಚಿಡುವುದಿಲ್ಲ. ನಾನು ಕನ್ನಮ್ಮನ ಹೊಟ್ಟೆ ನೋಡಿದೆ. ಕೆರಿಯಮ್ಮನ ಹೊಟ್ಟೆ ನೋಡಲಿಲ್ಲ. ಒಂದು ಸೂಜಿ. ಅದಾದರೆ ಈ ಕೂಸು ಉಳಿಯುತ್ತದೆ. ಬಾಯಿ ತೆರೆದೆ. ಕೆರಿಯಮ್ಮನ ಗಂಡನ ಹೆಸರಿನ ಮೊದಲ ಅಕ್ಷರ ಹೊರಗೆ ಬಂದಿತ್ತು.

ಕನ್ನಮ್ಮ ಸಾಲು ಬಿಟ್ಟು ಬಂದಳು. ಚೀಟಿಯನ್ನು ಮೇಜಿನ ಮೇಲೆ ಹಾಕಿದಳು. "ನಂಗೊಬ್ಳಿಗೆ ಬ್ಯಾಡ," ಅಂದಳು.

"ನಿನಗೇನಮ್ಮ ಗೊತ್ತು?" ಅಂದರು ಡಾಕ್ಟರು.

"ಎಂತದೂ ಗೊತ್ತಿಲ್ಲ. ಎಲ್ರಿಗೂ ಹಾಕಾದಾದ್ರೆ ಹಾಕಿ. ಇಲ್ದಿದ್ರೆ ನಿಮ್ಮ ತಕ್ಕಡಿ ತಗಂಡ್ ಹೋಗಿ. ನಮ್ಮ ಕೂಸು ನಿಮ್ಗೆ ತೂಗಾಕೆ ಅಲ್ಲ."

ರವಿಕೆಯ ತೋಳನ್ನು ಕೆಳಗೆ ಎಳೆದುಕೊಂಡು ಅವಳು ಜಲ್ಲಿ ರಾಶಿಗೆ ಹೋದಳು. ಸುತ್ತಿಗೆ ತೆಗೆದುಕೊಂಡು ಕೂತಳು. ಕೆರಿಯಮ್ಮ ಚೀಟಿ ಬಿಸಾಡಿದಳು. ಅವಳ ಹಿಂದಿನವಳೂ ಬಿಸಾಡಿದಳು. ಬಿಳಿ ಚೀಟಿಯ ಮೂವರು ಸ್ವಲ್ಪ ಹೊತ್ತು ನಿಂತರು. ಅವರಿಗೆ ಔಷಧಿಯ ಸೂಜಿ ಕೈಗೆಟುಕುವ ದೂರದಲ್ಲಿತ್ತು. ಒಬ್ಬಳು ಅತ್ತಳು. ಆಮೇಲೆ ಅವರೂ ಹೋದರು. ಒಂದೊಂದೇ ಸುತ್ತಿಗೆಯ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೇಳುವುದು ಯಾವುದೂ ಕೇಳಿಸಲಿಲ್ಲ.

"ಇಲ್ಲಿ ಕೈಬಿಟ್ಟೆವು ಅಂತ ಬರಿ," ಅಂದರಂತೆ ಗುಮಾಸ್ತನಿಗೆ. "ಸೂಲಗಿತ್ತಿಯ ಅಜ್ಞಾನದಿಂದ ಅಂತ ಬರಿ." ಅವರು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಎರಡು ಬಾಟಲಿಯೂ ಡಬ್ಬಿಯೊಳಗೆ ಹೋದವು. ಎಲ್ಲರಿಗೂ ಬಿಳಿ ಹಾಕಿ ಹೋಗಲು ಅರ್ಧ ಗಂಟೆ ಸಾಕಿತ್ತು. ಅದನ್ನು ಮಾಡಲಿಲ್ಲ.

ವರದಮ್ಮ ತಕ್ಕಡಿ ಬಿಚ್ಚುತ್ತಾ ಹಿಂದೆ ಉಳಿದಳು. ನಾನು ಮೇಜಿನ ಪಕ್ಕ ಹಾಗೇ ನಿಂತಿದ್ದೆ. ಅವಳು ತಲೆ ಎತ್ತದೆ ಮಾತಾಡಿದಳು.

"ಕುಡುಗೋಲು ಬಿಟ್ಟುಬಿಡು ಗುತ್ಯಮ್ಮ. ಹೊಸ ಬ್ಲೇಡು ತಗೋ. ನೀರಲ್ಲಿ ಹಾಕಿ ಚೆನ್ನಾಗಿ ಕುದಿಸು. ಕಟ್ಟೋ ದಾರನೂ ಕುದಿಸು. ಕೈಯನ್ನ ಮೊಣಕೈತನಕ ಸೋಪು ಹಚ್ಚಿ ತೊಳ್ಕೋ. ಬೂದಿ ಹಾಕಲೇಬೇಡ. ಏನೂ ಹಾಕಬೇಡ."

"ಹಂಗೆ ಮಾಡಿದ್ರೆ?"

"ಎಂಟರ ಜಡ್ಡು ಬರೋದು ತುಂಬ ಕಮ್ಮಿ. ಸೂಜಿ ಇಲ್ದೆನೂ."

"ಇದು ನಿಮ್ಗೆ ಯಾವಾಗ ಗೊತ್ತಾತು ಅಕ್ಕೋರೆ?"

ಅವಳು ತಕ್ಕಡಿಯ ಕೊಕ್ಕೆಯನ್ನು ಬಟ್ಟೆಯಲ್ಲಿ ಸುತ್ತಿದಳು. "ಟ್ರೈನಿಂಗ್‌ನಲ್ಲಿ ಮೊದಲನೇ ವಾರನೇ ಹೇಳಿಕೊಡ್ತಾರೆ."

"ಮೂಲೆಯಲ್ಲಿ ಕೂತು ನೋಡ್ತಿದ್ರಲ್ಲ. ಒಂದು ಮಾತು ಹೇಳ್ಲಿಲ್ಲ."

"ಹೇಳಬೇಡಿ ಅಂದಿದ್ರು. ನೀನು ಮೊದಲು ಹೆಂಗೆ ಮಾಡ್ತಿದ್ಯೋ ಹಂಗೇ ಮಾಡ್ತಿರಬೇಕಿತ್ತು. ನೀನು ಸರಿ ಮಾಡಿಬಿಟ್ರೆ ಔಷಧಿ ಕೆಲಸ ಮಾಡ್ತೋ ಇಲ್ವೋ ಅಂತ ತಿಳಿಯಲ್ಲ."

ಜೀಪಿನ ಹಾರನ್ ಆಯಿತು. ಅವಳು ಡಬ್ಬಿ ಎತ್ತಿಕೊಂಡು ಓಡಿದಳು. ಜೀಪು ತೀರ್ಥಹಳ್ಳಿ ಕಡೆಗೆ ಹೋಯಿತು. ಅಲ್ಲಿಯೂ ಶೆಡ್ಡುಗಳಿದ್ದವು.

ನಾನು ಶೆಡ್ಡಿಗೆ ಬಂದು ಹೊಸಿಲ ಮೇಲೆ ಕೂತೆ. ಕೈ ಮಡಿಲಲ್ಲಿತ್ತು. ನನ್ನದೇ ಕೈ. ಇಪ್ಪತ್ತು ವರ್ಷದ ಕೂಸುಗಳು ನೆನಪಾಗಲು ಶುರುವಾದವು. ತಡೆಯಲು ಆಗಲಿಲ್ಲ. ಸುಮ್ಮನಿರಲಾರದೆ ಚೀಲ ಬಿಚ್ಚಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ.

ಕನ್ನಮ್ಮ ಜಲ್ಲಿ ರಾಶಿಯಿಂದ ಬಂದಳು. ವರದಮ್ಮ ಹೇಳಿದ್ದನ್ನು ಅವಳಿಗೆ ಒಂದೂ ಬಿಡದೆ ಹೇಳಿದೆ. ಅವಳು ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಒಲೆ ಊದಿದಳು. ಪಾತ್ರೆಯಲ್ಲಿ ನೀರಿಟ್ಟಳು.

"ಈಗ ಎಂತಕ್ಕೆ? ಇನ್ನೂ ಒಂದೂವರೆ ತಿಂಗಳಿದೆ," ಅಂದೆ.

"ಎಷ್ಟು ಹೊತ್ತು ಹಿಡೀತದೆ ನೋಡ್ತೀನಿ."

ನಾನು ಅಲ್ಲೇ ಕೂತು, ಅವಳ ಬೆನ್ನಿಗೆ ಹೇಳಿದೆ. "ಚೀಟಿ ವಿಷಯ ನಿಂಗೆ ಮೊದ್ಲೇ ಹೇಳ್ಬೇಕಿತ್ತು."

"ಗೊತ್ತಿತ್ತು ಅತ್ತೆ. ಕೆರಿಯಮ್ಮನ ಕೂಸು ಹೋದ ದಿನವೇ ಗೊತ್ತಾತು."

"ಮತ್ತೆ ಕೆಂಪು ಹಿಡ್ಕಂಡು ಎಂತಕ್ಕೆ ನಿಂತೆ?"

"ನೀವು ಹೆಸರು ಹೇಳ್ತೀರೋ ಇಲ್ವೋ ನೋಡಾಕೆ."

"ಹೇಳಾಕೆ ಬಾಯಿ ತೆಗೆದಿದ್ದೆ."

"ಹೌದು. ನೋಡ್ದೆ."

ಅವಳು ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದಳು. ಒಲೆಯ ಮುಂದೆ ಕೂತು ಪಾತ್ರೆಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಮೊದಲು ತಳದಲ್ಲಿ ಸಣ್ಣ ಗುಳ್ಳೆ ಎದ್ದವು. ಆಮೇಲೆ ನೀರು ಮರಳಿತು, ಕೊತಕೊತ ಕುದಿಯಿತು. ಅಷ್ಟೇ ಹೊತ್ತು ಹಿಡಿದದ್ದು. ನನ್ನ ಬಾಯಲ್ಲಿದ್ದ ಎಲೆ ಅಡಿಕೆ ಇನ್ನೂ ಮುಗಿದಿರಲಿಲ್ಲ.